ನೋವು ದೊಡ್ಡದು, ವಿಷ ಸಣ್ಣದು: ವೆಲ್ವೆಟ್ ಇರುವೆ ಕುಟುಕಿದ ಒಂದು ಪ್ರಕರಣ

ಘಟನೆ ನಡೆದದ್ದು ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದಲ್ಲಿ, ರಾಲಿ ನಗರಕ್ಕೆ ಅಂಟಿಕೊಂಡಿರುವ ಕ್ಯಾರಿ ಎಂಬ ಊರಿನ ಒಂದು ಮನೆಯ ಹಿತ್ತಲಲ್ಲಿ. ಜುಲೈ ತಿಂಗಳ ಕೊನೆಯ ಶನಿವಾರ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮೊದಲು. ಕುಟುಕಿಸಿಕೊಂಡವರು ಹಾವೇರಿ ಜಿಲ್ಲೆಯಿಂದ ಮಗನ ಮನೆಗೆ ಬಂದಿದ್ದ ಅರವತ್ತಾರರ ಅಜ್ಜಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮತ್ತು ರಕ್ತದೊತ್ತಡಕ್ಕೆ ಮೆಟೊಪ್ರೊಲಾಲ್ ಮಾತ್ರೆಗಳನ್ನು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದಾರೆ. ಕುಟುಕಿದ್ದು ಬಲಗೈಯ ತೋರುಬೆರಳಿನ ತುದಿಗೆ, ಒಂದೇ ಸಲ. ಕುಟುಕಿದ ಹುಳು ಡ್ಯಾಸಿಮ್ಯುಟಿಲ್ಲಾ ಆಕ್ಸಿಡೆಂಟಾಲಿಸ್. ಇಂಗ್ಲಿಷಿನಲ್ಲಿ ಇದನ್ನು ವೆಲ್ವೆಟ್ ಆಂಟ್ ಎನ್ನುತ್ತಾರೆ. ಅಮೆರಿಕದ ಹಳ್ಳಿಗರ ಬಾಯಲ್ಲಿ ಇದರ ಹೆಸರು ಕೌ ಕಿಲ್ಲರ್, ಅಂದರೆ ಹಸುವನ್ನು ಕೊಲ್ಲುವಂಥದ್ದು.

ಅವರು ಈಗ ಚೆನ್ನಾಗಿದ್ದಾರೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮಧ್ಯಾಹ್ನ ಆರು ಜನ ಆರು ಥರ ಯೋಚಿಸಿದರು. ಅದರಲ್ಲಿ ಯಾವುದು ಸರಿ, ಯಾವುದು ತಪ್ಪು, ಯಾವುದು ಕೇವಲ ಅದೃಷ್ಟ ಎಂದು ಬಿಡಿಸಿ ನೋಡುವುದಷ್ಟೇ ಇಲ್ಲಿನ ಕೆಲಸ. ನಾನು ವೈದ್ಯನಲ್ಲ. ಧಾರವಾಡದಲ್ಲಿ ಕೃಷಿ ಕೀಟಶಾಸ್ತ್ರ ಓದಿದವನು. ಇಲ್ಲಿನ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾವ ಹುಳುವಿನ ಫೋಟೋ ಬಂದರೂ ಅದನ್ನು ನನ್ನ ಕಡೆ ತಳ್ಳುವುದು ರೂಢಿ. ಅಂದೂ ಹಾಗೆಯೇ ಬಂತು. ಮನೆಯವರು ಒಪ್ಪಿದ್ದರಿಂದ, ಹೆಸರುಗಳನ್ನು ಬಿಟ್ಟು ಬರೆಯುತ್ತಿದ್ದೇನೆ.

ಕೈಗೆತ್ತಿಕೊಂಡದ್ದೇಕೆ

ಈ ಹುಳು ಮನುಷ್ಯರನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಕುಟುಕಬೇಕಾದರೆ ಬರಿಗಾಲಲ್ಲಿ ಅದನ್ನು ತುಳಿಯಬೇಕು ಇಲ್ಲವೇ ಕೈಯಲ್ಲಿ ಹಿಡಿಯಬೇಕು. ಇಲ್ಲಿ ಆದದ್ದು ಎರಡನೆಯದು. ಹಿತ್ತಲಿನ ಹುಲ್ಲಿನ ನಡುವೆ ಬೋಳಾಗಿ ಮರಳು ಕಾಣುವ ಒಂದು ಜಾಗವಿದೆ. ಅಲ್ಲಿ ಕೆಂಪಗೆ, ಮೈತುಂಬ ರೋಮವಿರುವ ಹುಳುವೊಂದು ಅವಸರದಿಂದ ಓಡಾಡುವುದನ್ನು ಐದು ವರ್ಷದ ಮೊಮ್ಮಗ ಕಂಡ. ಅಜ್ಜಿಯನ್ನು ಕೂಗಿದ. ಅಜ್ಜಿ ನೋಡಿ ಹಿಗ್ಗಿದರು. ಹಾವೇರಿ, ಧಾರವಾಡದ ಕಡೆಯವರಿಗೆ ಮೃಗಶಿರಾ ಮಳೆ ಬಿದ್ದ ಮೇಲೆ ಹೊಲದಲ್ಲಿ ಮೂಡುವ ಕೆಂಪು ಮಖಮಲ್ಲಿನ ಹುಳು, ಅಂದರೆ ಇಂದ್ರಗೋಪ, ಚಿಕ್ಕಂದಿನ ಗೆಳೆಯ. ಅಂಗೈ ಮೇಲೆ ಬಿಟ್ಟುಕೊಂಡು ಆಡದ ಮಕ್ಕಳೇ ಇಲ್ಲ. ‘ಇದು ಏನೂ ಮಾಡುವುದಿಲ್ಲ ಮರಿ, ನೋಡು’ ಎಂದು ಅವರು ಬಗ್ಗಿ ಎರಡು ಬೆರಳಲ್ಲಿ ಎತ್ತಿದರು.

ಇಂದ್ರಗೋಪ ಜೇಡನ ಸಂಬಂಧಿ. ಎಂಟು ಕಾಲು, ಮೆತ್ತನೆಯ ಮೈ, ನಿಧಾನದ ನಡಿಗೆ, ಕೊಂಡಿ ಇಲ್ಲ. ವೆಲ್ವೆಟ್ ಇರುವೆಗೆ ಆರು ಕಾಲು, ಸುಮಾರು ಎರಡು ಸೆಂಟಿಮೀಟರ್ ಉದ್ದ, ಕಪ್ಪು ಮೈಯ ಮೇಲೆ ಕೇಸರಿಗೆಂಪು ರೋಮದ ಪಟ್ಟೆಗಳು, ಒಂದು ಕ್ಷಣವೂ ನಿಲ್ಲದ ಓಟ. ಹೆಸರಿಗೆ ಇರುವೆಯಾದರೂ ಇರುವೆಯಲ್ಲ, ಕಣಜದ ಜಾತಿ. ಗಂಡಿಗೆ ರೆಕ್ಕೆ ಇದೆ, ಕೊಂಡಿ ಇಲ್ಲ. ಹೆಣ್ಣಿಗೆ ರೆಕ್ಕೆ ಇಲ್ಲ, ಕೊಂಡಿ ಇದೆ. ನೆಲದ ಮೇಲೆ ನಡೆದಾಡುತ್ತ ಸಿಗುವುದು ಹೆಣ್ಣು ಮಾತ್ರವಾದ್ದರಿಂದ, ಕೈಗೆ ಸಿಕ್ಕಿದ್ದೆಲ್ಲ ಕುಟುಕುವಂಥದ್ದೇ ಎಂದು ಲೆಕ್ಕ ಹಾಕಬೇಕು. ಬಂದ ಫೋಟೋ ಮಸುಕಾಗಿತ್ತು. ಆದರೂ ಅದರ ತಲೆಯ ಮೇಲಿನ ಮೀಸೆಗಳು, ಇರುವೆಯವುಗಳಂತೆ ಮೊಣಕೈ ಆಕಾರದಲ್ಲಿ ಬಾಗಿರಲಿಲ್ಲ. ನನಗೆ ಅಷ್ಟು ಸಾಕಾಯಿತು.

ರೆಕ್ಕೆಯಿಲ್ಲದ ಈ ಹುಳು ಹಾರಿ ತಪ್ಪಿಸಿಕೊಳ್ಳಲಾರದು. ಅದಕ್ಕೆ ಬದಲಾಗಿ ಪ್ರಕೃತಿ ಇದಕ್ಕೆ ಕೊಟ್ಟಿರುವ ರಕ್ಷಣೆಗಳನ್ನು ನೋಡಿದರೆ ಸ್ವಲ್ಪ ಅತಿಯಾಯಿತೇನೋ ಎನಿಸುತ್ತದೆ. ಎಚ್ಚರಿಸುವ ಬಣ್ಣ, ಹಿಡಿದರೆ ಹೊಟ್ಟೆಯ ಭಾಗವನ್ನು ಉಜ್ಜಿ ಹೊರಡಿಸುವ ಕಿರ್ ಕಿರ್ ಸದ್ದು, ದವಡೆಯ ಗ್ರಂಥಿಯಿಂದ ಬರುವ ವಾಸನೆ, ಒತ್ತಿದರೆ ಸುಲಭವಾಗಿ ಅಪ್ಪಚ್ಚಿಯಾಗದ ಗಟ್ಟಿ ಕವಚ. ಇವೆಲ್ಲ ವಿಫಲವಾದ ಮೇಲೆ ಕೊನೆಯದಾಗಿ ಕೊಂಡಿ. ಅದು ಮೈಯುದ್ದದ ಹತ್ತಿರ ಹತ್ತಿರ ಅರ್ಧದಷ್ಟಿದ್ದು, ಯಾವ ಕಡೆಗೆ ಬೇಕಾದರೂ ಬಾಗುತ್ತದೆ. ಹಲ್ಲಿ, ಹಕ್ಕಿ, ಕಪ್ಪೆ ಮತ್ತು ಸಣ್ಣ ಸಸ್ತನಿಗಳ ಎದುರು ಈ ಹುಳುಗಳನ್ನು ಬಿಟ್ಟು ನೋಡಿದ ಪ್ರಯೋಗದ ವರದಿ 2018ರಲ್ಲಿ ಪ್ರಕಟವಾಯಿತು. ಬಾಯಿ ಹಾಕಿದ ಪ್ರಾಣಿಗಳಲ್ಲಿ ಹೆಚ್ಚಿನವು ಉಗುಳಿ ಹಿಂದೆ ಸರಿದವು, ಹುಳು ನಡೆದು ಹೋಯಿತು. ನಮ್ಮ ಅಜ್ಜಿಯೂ ಕಿರ್ ಸದ್ದು ಕೇಳಿದ್ದು ನಿಜವಂತೆ. ‘ಮಾತಾಡುತ್ತದೆ’ ಎಂದು ಮೊಮ್ಮಗನಿಗೆ ಹೇಳುವಷ್ಟರಲ್ಲಿ ಕುಟುಕಿತು.

ಮೊದಲ ಹದಿನೈದು ನಿಮಿಷ

ಅವರು ಅಲ್ಲಿಯೇ ಕುಸಿದು ಕುಳಿತು ಕಿರುಚಿದರು. ‘ಚೇಳು ಕಡಿದ ಹಾಗೆ ಉರಿಯುತ್ತಿದೆ’ ಎಂದರು. ಹರೆಯದಲ್ಲಿ ಶೇಂಗಾ ಕೀಳುವಾಗ ಕೆಂಪು ಚೇಳಿನಿಂದ ಕುಟುಕಿಸಿಕೊಂಡವರು ಅವರು. ಆ ಮಾತು ಮನೆಯವರ ಮೇಲೆ ಮಾಡಿದ ಪರಿಣಾಮ ಬಹಳ ದೊಡ್ಡದು. ಯಜಮಾನರು ಓಡಿ ಬಂದು ಮಣಿಕಟ್ಟಿಗೆ ಟವೆಲಿನ ಅಂಚನ್ನು ಬಿಗಿದು ಕಟ್ಟಿದರು, ಎಲೆ ಅಡಿಕೆಯ ಡಬ್ಬಿಯಿಂದ ಸುಣ್ಣ ತೆಗೆದು ಬೆರಳಿಗೆ ಹಚ್ಚಿದರು. ಸೊಸೆ ಮಂಜುಗಡ್ಡೆ ತಂದಳು. ಮಗ ಫೋನಿನಲ್ಲಿ ಹುಳುವಿನ ಬಣ್ಣ ಟೈಪ್ ಮಾಡಿ ಹುಡುಕಿದ. ಪರದೆಯ ಮೇಲೆ ಮೊದಲು ಕಂಡದ್ದೇ ಹಸು ಕೊಲ್ಲುವ ಹುಳು ಎಂಬ ಹೆಸರು. ಅಲ್ಲಿಗೆ ಅವನ ಕೈ ನಡುಗತೊಡಗಿತು. ಹುಬ್ಬಳ್ಳಿಯ ಸೋದರಮಾವ ವಿಡಿಯೋ ಕರೆಯಲ್ಲಿ ಬಂದು, ತಕ್ಷಣ ಆ್ಯಂಬುಲೆನ್ಸ್ ಕರೆಸಿ ಎಂದರು. ಅಲ್ಲಿ ಆಗ ರಾತ್ರಿ ಹತ್ತು ಗಂಟೆ, ಆದರೂ ಎಲ್ಲರೂ ಎಚ್ಚರವಾಗಿದ್ದರು!

ಈ ಗದ್ದಲದ ನಡುವೆ ಅತ್ಯಂತ ಬುದ್ಧಿವಂತಿಕೆಯ ಕೆಲಸ ಮಾಡಿದವಳು ಸೊಸೆ. ಮಂಜುಗಡ್ಡೆ ಇಡುವ ಮೊದಲು ಅತ್ತೆಯ ಬೆರಳಿನ ಉಂಗುರ, ಕೈಯ ಬಳೆಗಳನ್ನು ಸೋಪು ಹಚ್ಚಿ ತೆಗೆದಳು. ಅರ್ಧ ಗಂಟೆ ತಡವಾಗಿದ್ದರೆ ಊತ ಬಂದು ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತಿತ್ತು. ಚಿನ್ನ ಹೋದರೆ ಹೋಗಲಿ, ರಕ್ತ ಸಂಚಾರ ನಿಂತರೆ ಬೆರಳಿಗೇ ಆಪತ್ತು. ಕೈಗೆ ಯಾವ ಹುಳು ಕುಟುಕಿದರೂ ಮೊದಲು ಮಾಡಬೇಕಾದದ್ದು ಇದು. ಪ್ರಥಮ ಚಿಕಿತ್ಸೆ ಹೇಳಿಕೊಡುವವರು ಇದನ್ನು ಅಷ್ಟಾಗಿ ಒತ್ತಿ ಹೇಳುವುದಿಲ್ಲ, ಏಕೋ.

ಕಟ್ಟಿದ ಟವೆಲನ್ನು ನಾನು ಫೋನಿನಲ್ಲಿಯೇ ಬಿಚ್ಚಿಸಿದೆ. ಕೀಟದ ವಿಷಕ್ಕೆ ಕಟ್ಟು ಹಾಕಿ ಪ್ರಯೋಜನವಿಲ್ಲ, ಕೈಗೆ ಹಾನಿಯೇ ಹೆಚ್ಚು. ಸುಣ್ಣವನ್ನು ತೊಳೆಸಿದೆ. ವಿಷ ಹೋಗಿರುವುದು ಚರ್ಮದ ಒಳಗೆ, ಸುಣ್ಣ ಕೂರುವುದು ಮೇಲೆ. ಅದರ ಖಾರಕ್ಕೆ ಚರ್ಮ ಸುಟ್ಟರೆ ಸಕ್ಕರೆ ಕಾಯಿಲೆಯವರಿಗೆ ಅದೊಂದು ಬೇರೆಯ ಗಾಯ. ಯಜಮಾನರಿಗೆ ಇದು ಹಿಡಿಸಲಿಲ್ಲ. ಅವರ ಅನುಭವದಲ್ಲಿ ಸುಣ್ಣ ಹಚ್ಚಿದ ಅರ್ಧ ಗಂಟೆಗೆ ಉರಿ ಇಳಿಯುತ್ತದೆ. ಇಳಿಯುವುದು ನಿಜವೇ. ವೆಲ್ವೆಟ್ ಇರುವೆಯ ಉರಿಯ ಜೋರು ಏನೂ ಹಚ್ಚದಿದ್ದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ಇಳಿಯುತ್ತದೆ. ಎಷ್ಟೋ ಮನೆಮದ್ದುಗಳಿಗೆ ಹೆಸರು ಬಂದಿರುವುದು ಹೀಗೆಯೇ. ಜೇನುನೊಣದ ಹಾಗೆ ಮುಳ್ಳು ಒಳಗೆ ಮುರಿದು ಉಳಿದಿದೆಯೇ ಎಂದು ಮಗ ಚಿಮಟ ಹಿಡಿದು ಕೆದಕುತ್ತಿದ್ದ. ಅದನ್ನೂ ನಿಲ್ಲಿಸಬೇಕಾಯಿತು. ಈ ಹುಳು ಕೊಂಡಿಯನ್ನು ಬಿಟ್ಟು ಹೋಗುವುದಿಲ್ಲ, ಹಿಡಿದೇ ಇದ್ದರೆ ಮತ್ತೆ ಮತ್ತೆ ಕುಟುಕಬಲ್ಲದು. ಅಜ್ಜಿ ಕೊಡವಿ ಎಸೆದದ್ದು ಒಳ್ಳೆಯದಾಯಿತು.

ಇದು ಒಂಟಿ ಹುಳು. ಗೂಡು ಕಟ್ಟಿ ಕುಟುಂಬ ಸಾಕುವ ಜಾತಿಯಲ್ಲ. ಒಂದು ಕುಟುಕಿದರೆ ಹಿಂದೆಯೇ ನೂರು ನುಗ್ಗುತ್ತವೆ ಎಂಬ ಭಯ ಇಲ್ಲಿ ಬೇಡ. ಮೊಮ್ಮಗನನ್ನು ಎತ್ತಿಕೊಂಡು ಮನೆಯೊಳಗೆ ಓಡಿ ಬಾಗಿಲು ಹಾಕಿಕೊಂಡದ್ದು ಅನವಶ್ಯಕವಾಗಿತ್ತು. ಆದರೆ ಆ ಹೊತ್ತಿನಲ್ಲಿ ಯಾರಿಗೆ ತಾನೇ ಗೊತ್ತಿರುತ್ತದೆ.

ನೋವಿನ ಅಳತೆ ಬೇರೆ, ಅಪಾಯದ ಅಳತೆ ಬೇರೆ

ಈ ಪ್ರಕರಣದ ತಿರುಳು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅರಿಝೋನಾದ ಕೀಟವಿಜ್ಞಾನಿ ಜಸ್ಟಿನ್ ಸ್ಮಿಟ್ ತಮ್ಮ ಮೈಮೇಲೆಯೇ ಕುಟುಕಿಸಿಕೊಂಡು ನೋವಿಗೆ ಒಂದರಿಂದ ನಾಲ್ಕರವರೆಗೆ ಅಂಕ ಕೊಡುವ ಪದ್ಧತಿ ರೂಪಿಸಿದವರು. 2023ರಲ್ಲಿ ತೀರಿಕೊಂಡರು. ಅವರ ಲೆಕ್ಕದಲ್ಲಿ ಜೇನುನೊಣಕ್ಕೆ ಎರಡು, ವೆಲ್ವೆಟ್ ಇರುವೆಗೆ ಮೂರು. ಇದೇ ಸ್ಮಿಟ್ ಮತ್ತು ಅವರ ಸಂಗಡಿಗರು ಈ ಹುಳುಗಳ ವಿಷದ ಮಾರಕ ಶಕ್ತಿಯನ್ನೂ ಇಲಿಗಳ ಮೇಲೆ ಅಳೆದಿದ್ದರು. ಪ್ರಯೋಗದ ಇಲಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು, ಒಂದು ಕಿಲೋ ತೂಕಕ್ಕೆ ಎಷ್ಟು ಮಿಲಿಗ್ರಾಂ ವಿಷ ಬೇಕು ಎಂಬುದು ಆ ಅಳತೆ. ಜೇನುನೊಣದ ವಿಷ ಸುಮಾರು 2.8 ಮಿಲಿಗ್ರಾಂ ಸಾಕು. ಮ್ಯಾರಿಕೋಪಾ ಎಂಬ ಮರುಭೂಮಿ ಇರುವೆಯದು 0.12 ಮಿಲಿಗ್ರಾಂ ಸಾಕು. ಕ್ಲೂಗಿ ಎಂಬ ವೆಲ್ವೆಟ್ ಇರುವೆಯದು 71 ಮಿಲಿಗ್ರಾಂ ಬೇಕು. ಅಂಕಿ ದೊಡ್ಡದಾದಷ್ಟೂ ವಿಷ ಸೌಮ್ಯ ಎಂದು ಓದಿಕೊಳ್ಳಬೇಕು.

ಈಗ ಎರಡು ಅಳತೆಗಳನ್ನು ಪಕ್ಕಪಕ್ಕ ಇಡಿ. ಮ್ಯಾರಿಕೋಪಾ ಇರುವೆಯ ಬಳಗಕ್ಕೂ ವೆಲ್ವೆಟ್ ಇರುವೆಗೂ ನೋವಿನಲ್ಲಿ ಒಂದೇ ಅಂಕ, ಮೂರು. ವಿಷದ ಶಕ್ತಿಯಲ್ಲಿ ಅವೆರಡರ ನಡುವೆ ಸುಮಾರು ಆರುನೂರು ಪಟ್ಟು ವ್ಯತ್ಯಾಸ. ತೂಕಕ್ಕೆ ತೂಕ ಹೋಲಿಸಿದರೆ ನಮ್ಮ ತೋಟದ ಜೇನುನೊಣದ ವಿಷವೇ ವೆಲ್ವೆಟ್ ಇರುವೆಯದಕ್ಕಿಂತ ಇಪ್ಪತ್ತೈದು ಪಟ್ಟು ಮಾರಕ. ಅಳೆದದ್ದು ನಾರ್ತ್ ಕ್ಯಾರೊಲೈನಾದ ಜಾತಿಯನ್ನಲ್ಲ, ಅದರ ಹತ್ತಿರದ ಸಂಬಂಧಿಯನ್ನು ಎಂಬುದು ನೆನಪಿರಲಿ. ಅಷ್ಟನ್ನು ರಿಯಾಯಿತಿ ಕೊಟ್ಟರೂ ಹಸುವನ್ನು ಕೊಲ್ಲುವ ಮಾತು ನಿಲ್ಲುವುದಿಲ್ಲ. ಆ ಹೆಸರು ಕುಟುಕಿಸಿಕೊಂಡವರ ಕೂಗಿನಿಂದ ಹುಟ್ಟಿದ್ದು, ಸತ್ತ ಹಸುವಿನಿಂದಲ್ಲ.

ಇಷ್ಟು ನೋವು ಕೊಟ್ಟು ಇಷ್ಟು ಕಡಿಮೆ ಹಾನಿ ಮಾಡುವುದು ಹೇಗೆ? 2025ರ ಆರಂಭದಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಆಕ್ಸಿಡೆಂಟಾಲಿಸ್ ಜಾತಿಯ ವಿಷವನ್ನು ಬಿಡಿಸಿ ನೋಡಿ ಕರೆಂಟ್ ಬಯಾಲಜಿ ಪತ್ರಿಕೆಯಲ್ಲಿ ಬರೆದರು. ವಿಷದಲ್ಲಿ ಹಲವು ಪೆಪ್ಟೈಡುಗಳಿವೆ, ಅಂದರೆ ಪ್ರೋಟೀನಿನ ಚಿಕ್ಕ ತುಣುಕುಗಳಂಥವು. ಹೆಚ್ಚು ಪ್ರಮಾಣದಲ್ಲಿರುವ ಒಂದು ಪೆಪ್ಟೈಡ್ ಕೀಟಗಳ ನೋವಿನ ನರಗಳನ್ನು ನೇರವಾಗಿ ಕೆಣಕುತ್ತದೆ, ಸಸ್ತನಿಗಳಲ್ಲಿ ಅದರ ಆಟ ನಡೆಯುವುದಿಲ್ಲ. ಸಸ್ತನಿಗಳಿಗೆ ನೋವು ಕೊಡುವವು ಕಡಿಮೆ ಪ್ರಮಾಣದಲ್ಲಿರುವ ಬೇರೆ ಪೆಪ್ಟೈಡುಗಳು. ಎದುರಾಳಿ ಬೇಟೆಗಾರ ಕೀಟವಿರಲಿ, ಇಲಿಯಿರಲಿ, ಅಜ್ಜಿಯಿರಲಿ, ಎಲ್ಲರಿಗೂ ಒಂದೊಂದು ವ್ಯವಸ್ಥೆ ಇದೆ. ಈ ವಿಷದ ಉದ್ದೇಶ ಬಿಡಿಸಿಕೊಳ್ಳುವುದು, ಕೊಲ್ಲುವುದಲ್ಲ.

ಚೇಳಿನ ವಿಷಯ ಹಾಗಲ್ಲ. ಉತ್ತರ ಕರ್ನಾಟಕ, ಮಹಾರಾಷ್ಟ್ರದ ಕೆಂಪು ಚೇಳು ನೋವಿನ ಜೊತೆಗೆ ಹೃದಯವನ್ನೂ ಶ್ವಾಸಕೋಶವನ್ನೂ ಹಿಡಿಯುತ್ತದೆ. ಬೆವರು, ವಾಂತಿ, ತಣ್ಣಗಾಗುವ ಕೈಕಾಲು ಕಂಡ ಮಕ್ಕಳು ಬದುಕುವುದು ಕಷ್ಟವಿತ್ತು. ಮಹಾಡದ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ ಅವರು ಪ್ರಾಝೋಸಿನ್ ಮಾತ್ರೆಯ ಬಳಕೆಯನ್ನು ತೋರಿಸಿಕೊಟ್ಟ ಮೇಲೆ ಸಾವು ಇಳಿಯಿತು. ಅಂಥ ನೆಲದಿಂದ ಬಂದ ಕುಟುಂಬ ‘ಚೇಳು ಕಡಿದ ಹಾಗೆ’ ಎಂಬ ಮಾತನ್ನು ನೋವಿನ ವರ್ಣನೆಯಾಗಿ ಕೇಳಿಸಿಕೊಳ್ಳಲಿಲ್ಲ, ಅಪಾಯದ ಸುದ್ದಿಯಾಗಿ ಕೇಳಿಸಿಕೊಂಡಿತು. ಅವರ ಭಯ ಮೂರ್ಖತನವಲ್ಲ. ಬೇರೆ ಊರಿನಲ್ಲಿ ಸರಿಯಾಗಿಯೇ ಕಲಿತ ಪಾಠ ಅದು.

ನಿಜವಾದ ಅಪಾಯ ಎಲ್ಲಿತ್ತು

ಹಾಗಾದರೆ ನಿಶ್ಚಿಂತೆಯಿಂದ ಊಟಕ್ಕೆ ಕೂರಬಹುದಿತ್ತೇ? ಇಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಲೆಕ್ಕದ ಪ್ರಕಾರ 2000ದಿಂದ 2017ರವರೆಗೆ ಜೇನು, ಕಣಜ, ಕಡಜಗಳ ಕುಟುಕಿನಿಂದ ಆ ದೇಶದಲ್ಲಿ 1,109 ಜನ ಸತ್ತಿದ್ದಾರೆ, ವರ್ಷಕ್ಕೆ ಸರಾಸರಿ 62. ಇಂಥ ಸಾವುಗಳಲ್ಲಿ ಮುಖ್ಯ ಕಾರಣ ವಿಷದ ಪ್ರಮಾಣವಲ್ಲ, ಅನಫಿಲಾಕ್ಸಿಸ್ ಎಂಬ ತೀವ್ರ ಅಲರ್ಜಿ. ಅದಕ್ಕೆ ಒಂದೇ ಕುಟುಕು ಸಾಕು, ಹುಳು ಸೌಮ್ಯವೋ ಉಗ್ರವೋ ಎಂಬುದು ಮುಖ್ಯವಲ್ಲ. ವೆಲ್ವೆಟ್ ಇರುವೆಯೂ ಕಣಜವೇ ಆದ್ದರಿಂದ ಈ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಆದ್ದರಿಂದ ನಾನು ಫೋನಿನಲ್ಲಿ ಬೆರಳಿನ ಬಗ್ಗೆ ಕೇಳುವುದನ್ನು ಬಿಟ್ಟು ಉಳಿದ ಮೈ ಬಗ್ಗೆ ಕೇಳತೊಡಗಿದೆ. ಧ್ವನಿ ಬದಲಾಗಿದೆಯೇ, ಗಂಟಲು ಬಿಗಿಯುತ್ತಿದೆಯೇ, ತುಟಿ ನಾಲಿಗೆ ಊದಿವೆಯೇ, ಕುಟುಕಿದ ಜಾಗದಿಂದ ದೂರದಲ್ಲಿ, ಹೊಟ್ಟೆ ಬೆನ್ನಿನ ಮೇಲೆ ದದ್ದು ಎದ್ದಿದೆಯೇ, ವಾಂತಿ ಬರುತ್ತಿದೆಯೇ, ಕಣ್ಣು ಕತ್ತಲಿಡುತ್ತಿದೆಯೇ. ಎಲ್ಲದಕ್ಕೂ ಇಲ್ಲ ಎಂಬ ಉತ್ತರ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ವಿಷದ ಬಗ್ಗೆ ಸಲಹೆ ಕೊಡುವ ಪಾಯಿಸನ್ ಕಂಟ್ರೋಲ್ ಸಂಖ್ಯೆ 1-800-222-1222ಕ್ಕೆ ಕರೆ ಮಾಡಿ ಎಂದೆ. ಅಮೆರಿಕದ ಯಾವ ಮೂಲೆಯಿಂದಲಾದರೂ ಹಗಲು ರಾತ್ರಿ ಉಚಿತವಾಗಿ ಸಿಗುವ ಸೇವೆ ಅದು, ದುಭಾಷಿಯನ್ನೂ ಕೇಳಬಹುದು. ಇಲ್ಲಿ ಹತ್ತು ವರ್ಷದಿಂದ ಇರುವ ಮಗನಿಗೆ ಆ ಸಂಖ್ಯೆಯ ಸುದ್ದಿಯೇ ಗೊತ್ತಿರಲಿಲ್ಲ. ನಮ್ಮವರಲ್ಲಿ ಬಹಳ ಜನರ ಕಥೆ ಇದೇ.

ಅಲ್ಲಿನ ನರ್ಸ್ ಕೇಳಿದ ಒಂದು ಪ್ರಶ್ನೆ ನಾನು ಕೇಳಿರಲಿಲ್ಲ: ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ? ಮೆಟೊಪ್ರೊಲಾಲ್ ಎಂಬ ಹೆಸರು ಕೇಳಿ ಅವರ ಎಚ್ಚರಿಕೆ ಒಂದು ಹಂತ ಏರಿತು. ಅದು ಬೀಟಾ ಬ್ಲಾಕರ್ ಜಾತಿಯ ಔಷಧ. ಅನಫಿಲಾಕ್ಸಿಸ್‌ಗೆ ಕೊಡುವ ಎಪಿನೆಫ್ರಿನ್ ಚುಚ್ಚುಮದ್ದು ಯಾವ ಬಾಗಿಲಿನಿಂದ ಕೆಲಸ ಮಾಡಬೇಕೋ ಅದೇ ಬಾಗಿಲನ್ನು ಈ ಮಾತ್ರೆ ಅರ್ಧ ಮುಚ್ಚಿಟ್ಟಿರುತ್ತದೆ. ಅಂಥವರಿಗೆ ಅಲರ್ಜಿ ಏರಿದರೆ ಇಳಿಸುವುದು ಕಷ್ಟ, ಕೆಲವೊಮ್ಮೆ ಗ್ಲುಕಗಾನ್ ಎಂಬ ಇನ್ನೊಂದು ಔಷಧವನ್ನೂ ಕೊಡಬೇಕಾಗುತ್ತದೆ. ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಅವರು ಕೊಟ್ಟ ಸಲಹೆ ಇದು: ಒಂಟಿಯಾಗಿ ಬಿಡಬೇಡಿ, ಕೆಲವು ಗಂಟೆ ಕಣ್ಣಿಟ್ಟಿರಿ, ಮೇಲಿನ ಯಾವುದೇ ಲಕ್ಷಣ ಕಂಡರೂ ಕಾರಿನಲ್ಲಿ ಕರೆದೊಯ್ಯದೆ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಆ್ಯಂಬುಲೆನ್ಸ್ ಬರುವವರೆಗೆ ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಿ, ಎದ್ದು ನಿಲ್ಲಲು ಬಿಡಬೇಡಿ.

ಆಸ್ಪತ್ರೆಗೆ ಹೋಗಲಿಲ್ಲ. ಇದರ ಬಗ್ಗೆ ಆಮೇಲೆ ಮನೆಯಲ್ಲಿ ವಾದ ನಡೆಯಿತು. ಪ್ರವಾಸಿ ವಿಮೆಯಲ್ಲಿ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂಬುದು ಮಗನಿಗೆ ಸ್ಪಷ್ಟವಿರಲಿಲ್ಲ. ಬಿಲ್ಲಿನ ಹೆದರಿಕೆ ನಿರ್ಧಾರದಲ್ಲಿ ಪಾಲು ಪಡೆದಿತ್ತು ಎಂದು ಅವನೇ ಒಪ್ಪಿಕೊಂಡ. ಹಣವಿಲ್ಲವೆಂದು ತುರ್ತು ವಿಭಾಗದವರು ತಪಾಸಣೆ ನಿರಾಕರಿಸುವಂತಿಲ್ಲ ಎಂಬ ಕಾನೂನು ಅಮೆರಿಕದಲ್ಲಿ 1986ರಿಂದ ಇದೆ. ಬಿಲ್ ಕಳಿಸಬಾರದು ಎಂಬ ಕಾನೂನು ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಲಕ್ಷಣಗಳಿಲ್ಲದೆ, ತಿಳಿದವರ ಮಾತು ಕೇಳಿ, ಪಕ್ಕದಲ್ಲಿ ಜನರಿದ್ದು ಮನೆಯಲ್ಲಿ ಉಳಿದದ್ದು ಸರಿ. ಕುಟುಕು ಬಾಯೊಳಗೋ ಕುತ್ತಿಗೆಗೋ ಆಗಿದ್ದರೆ, ಮೊದಲು ಯಾವಾಗಲಾದರೂ ಕಣಜ ಕುಟುಕಿ ಮೈಯೆಲ್ಲ ದದ್ದು ಎದ್ದಿದ್ದರೆ, ಬಿಲ್ಲಿನ ಮುಖ ನೋಡದೆ ಹೊರಡಬೇಕಿತ್ತು.

ಮುಂದಿನ ದಿನಗಳು

ಜೋರು ಉರಿ ಅರ್ಧ ಗಂಟೆಯೊಳಗೆ ತಗ್ಗಿತು. ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಬಿಟ್ಟು ಬಿಟ್ಟು ಇಟ್ಟು, ಒಂದು ಪ್ಯಾರಸಿಟಮಾಲ್ ಕೊಟ್ಟರು. ಸಂಜೆ ಚಹಾ ಕುಡಿಯುತ್ತ ಅಜ್ಜಿ ತಮ್ಮ ಸಾಹಸವನ್ನು ಊರಿಗೆ ಫೋನ್ ಮಾಡಿ ಹೇಳುತ್ತಿದ್ದರು. ಮರುದಿನ ಬೆಳಿಗ್ಗೆ ಊತ ಬೆರಳು ದಾಟಿ ಮುಂಗೈಗೆ ಬಂತು, ಬಿಸಿ, ಕೆಂಪು, ವಿಪರೀತ ತುರಿಕೆ. ಸೋಂಕಾಯಿತೆಂದು ಮಗ ಊರಿನಿಂದ ತಂದಿಟ್ಟಿದ್ದ ಅಮಾಕ್ಸಿಸಿಲಿನ್ ಹುಡುಕತೊಡಗಿದ. ಇದು ತೀರ ಸಾಮಾನ್ಯವಾದ ಗೊಂದಲ. ಕುಟುಕಿದ ಜಾಗದ ಸುತ್ತಲಿನ ದೊಡ್ಡ ಊತ ಒಂದೆರಡು ದಿನ ಏರಿ, ವಾರದೊಳಗೆ ತಾನಾಗಿ ಇಳಿಯುತ್ತದೆ. ಅದು ಚರ್ಮದ ಅಲರ್ಜಿ, ಆ್ಯಂಟಿಬಯಾಟಿಕ್ ಅದಕ್ಕೆ ಏನೂ ಮಾಡುವುದಿಲ್ಲ. ಮೂರನೆಯ ದಿನದ ನಂತರವೂ ಏರುತ್ತ ಹೋದರೆ, ಜ್ವರ ಬಂದರೆ, ಕೀವು ಕಂಡರೆ ಸೋಂಕಿನ ಅನುಮಾನ ಸರಿ. ಸಕ್ಕರೆ ಕಾಯಿಲೆ ಇರುವುದರಿಂದ ದಿನಕ್ಕೆರಡು ಸಲ ಊತದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ನೋಡುತ್ತಿದ್ದರು. ಸೋಮವಾರ ಸಂಜೆಯಿಂದ ಗೆರೆ ಹಿಂದೆ ಸರಿಯಿತು. ತುರಿಕೆಗೆ ಸೆಟಿರಿಝಿನ್ ಸಾಕಾಯಿತು.

ಹಿತ್ತಲಿಗೆ ಕೀಟನಾಶಕ ಹೊಡೆಸುವ ಮಾತೂ ಬಂತು. ಬೇಡವೆಂದೆ. ಈ ಹುಳು ಆ ಮರಳಿಗೆ ಬಂದದ್ದು ತನ್ನ ಮರಿಗಳಿಗೆ ಆಸರೆ ಹುಡುಕಿಕೊಂಡು. ನೆಲದಲ್ಲಿ ಬಿಲ ತೋಡಿ, ಜೀರುಂಡೆಗಳನ್ನು ಹಿಡಿದು ತುಂಬಿಡುವ ದೊಡ್ಡ ಕಣಜಗಳ ಬಿಲಗಳು ಅಲ್ಲಿ ಎದ್ದು ಕಾಣುತ್ತಿದ್ದವು. ವೆಲ್ವೆಟ್ ಇರುವೆ ಇಂಥ ಬಿಲಕ್ಕಿಳಿದು ಕಣಜದ ಮರಿಯ ಮೇಲೆ ಮೊಟ್ಟೆ ಇಡುತ್ತದೆ. ಬೋಳು ಮರಳು ಇರುವವರೆಗೆ ಕಣಜ ಬರುತ್ತದೆ, ಕಣಜ ಇರುವವರೆಗೆ ಇದು ಬರುತ್ತದೆ. ನೀರು ಬಿಟ್ಟು ಹುಲ್ಲು ದಟ್ಟವಾಗಿ ಬೆಳೆಸಿದರೆ ಎರಡೂ ಬೇರೆ ಕಡೆ ನೋಡಿಕೊಳ್ಳುತ್ತವೆ. ತುಳಸಿಗೆ ನೀರು ಹಾಕಲು ಅಜ್ಜಿ ಬರಿಗಾಲಲ್ಲಿಯೇ ಹೋಗುತ್ತಿದ್ದರು, ಚಪ್ಪಲಿ ಹಾಕಲು ಒಪ್ಪುವವರಲ್ಲ. ಕುಂಡವನ್ನೇ ಎತ್ತಿ ಮರದ ಜಗುಲಿಯ ಮೇಲಿಟ್ಟರು.

ಕರ್ನಾಟಕದಲ್ಲಿಯೂ ವೆಲ್ವೆಟ್ ಇರುವೆಗಳಿವೆ. ಕೀಟಶಾಸ್ತ್ರಜ್ಞ ಬಿಂಗ್‌ಹ್ಯಾಂ 1897ರಲ್ಲಿಯೇ ಬ್ರಿಟಿಷ್ ಇಂಡಿಯಾದ ಕಣಜಗಳ ಸಂಪುಟದಲ್ಲಿ ಭಾರತದ ಜಾತಿಗಳನ್ನು ದಾಖಲಿಸಿದ್ದಾರೆ. ಅಮೆರಿಕದವಕ್ಕಿಂತ ಸಾಮಾನ್ಯವಾಗಿ ಚಿಕ್ಕವು, ಕೆಂಪು ಎದೆ, ಕಪ್ಪು ಹೊಟ್ಟೆ, ಅದರ ಮೇಲೆ ಬಿಳಿ ಚುಕ್ಕೆಗಳು. ಒಣ ನೆಲದಲ್ಲಿ ಬಿಸಿಲು ಹೊತ್ತಿನಲ್ಲಿ ಓಡಾಡುತ್ತವೆ. ಮಳೆ ಬಿದ್ದ ಹೊಲದಲ್ಲಿ ಇಂದ್ರಗೋಪ ಹಿಡಿಯುವ ಮಕ್ಕಳಿಗೆ ಹೇಳಬೇಕಾದದ್ದು ಇಷ್ಟೇ: ನಿಧಾನಕ್ಕೆ ನಡೆಯುವ ಇಡೀ ಕೆಂಪು ಹುಳುವಾದರೆ ಮುಟ್ಟಬಹುದು, ಚುಕ್ಕೆ ಪಟ್ಟೆಗಳಿದ್ದು ಓಡುತ್ತಿದ್ದರೆ ಬಿಟ್ಟುಬಿಡಿ.

ಸೆಪ್ಟೆಂಬರಿನಲ್ಲಿ ಊರಿಗೆ ಹೊರಡುವ ಮೊದಲು ಮಗ ಅವ್ವನನ್ನು ಒಬ್ಬ ಅಲರ್ಜಿ ವೈದ್ಯರಲ್ಲಿ ತೋರಿಸಿದ. ಈ ಸಲ ಊತ ಮಾತ್ರ ಬಂದವರಿಗೆ ಮುಂದಿನ ಕುಟುಕಿನಲ್ಲಿ ಮೈಯೆಲ್ಲ ಏರುವ ಸಾಧ್ಯತೆ ನೂರಕ್ಕೆ ಹತ್ತನ್ನು ಮೀರುವುದಿಲ್ಲ, ಪರೀಕ್ಷೆ ಬೇಡ ಎಂದರು ಅವರು. ರೂಢಿಯ ಪರೀಕ್ಷೆಗಳಿರುವುದು ಜೇನು ಮತ್ತು ಗೂಡು ಕಟ್ಟುವ ಕಣಜಗಳ ವಿಷಕ್ಕೆ, ವೆಲ್ವೆಟ್ ಇರುವೆಯದಕ್ಕಲ್ಲ. ಮೆಟೊಪ್ರೊಲಾಲ್ ಬದಲಿಸಬೇಕೋ ಬೇಡವೋ ಎಂಬುದನ್ನು ಹಾವೇರಿಯ ತಮ್ಮ ವೈದ್ಯರೇ ಹೃದಯ ನೋಡಿ ನಿರ್ಧರಿಸಲಿ ಎಂದು ಒಂದು ಚೀಟಿ ಬರೆದುಕೊಟ್ಟರು. ಹಾವೇರಿಯ ವೈದ್ಯರು ನೋಡಿ ಅದೇ ಮಾತ್ರೆಯನ್ನು ಮುಂದುವರಿಸಿದ್ದಾರೆ.